ಕರಡಿಗೆಯಲ್ಲಿ ಮಾತ್ರೆ

ನನ್ನ ಗಂಡನ ಬೆಳ್ಳಿ ಕರಡಿಗೆಯಲ್ಲಿ ಈಗ ಎದೆನೋವಿನ ಮಾತ್ರೆ ಇದೆ. ಲಿಂಗ ಇಡುವ ಡಬ್ಬಿಯಲ್ಲಿ ಮಾತ್ರೆ ಇಡುವುದುಂಟೇ ಎಂದು ಕೇಳುವವರಲ್ಲಿ ನೀವು ಮೊದಲನೆಯವರಲ್ಲ. ಮೊನ್ನೆ ಮನೆಗೆ ಬಂದಿದ್ದ ಅಯ್ಯನವರೂ ಅದನ್ನೇ ಕೇಳಿದರು.

"ಏನಮ್ಮಾ ಇದು? ನಂಜಪ್ಪನೋರು ಎದೆ ಮೇಲೆ ಕಟ್ಕಂಡಿದ್ದ ಕರಡಿಗೇಲಿ ಮಾತ್ರೆ ಮಡಗಿದ್ದೀಯಲ್ಲ!"

"ಮುಚ್ಚಳ ಗಟ್ಟಿ ಐತೆ ಬುದ್ದಿ. ಇರುವೆ ಹೋಗದಿಲ್ಲ," ಅಂದೆ.

ಶಿವಶಿವಾ ಅಂದರು, ಕೊಟ್ಟ ಕಾಫಿ ಕುಡಿದರು, ಹೋದರು. ಲಿಂಗ ನನ್ನ ಗಂಡನ ಜೊತೆಯಲ್ಲೇ ಮಣ್ಣಿಗೆ ಹೋಯಿತು, ಎಡ ಅಂಗೈಯಲ್ಲಿ ಇಟ್ಟೇ ಕೂರಿಸಿದರು. ಉಳಿದದ್ದು ಬರೀ ಬೆಳ್ಳಿ ಡಬ್ಬಿ. ಖಾಲಿ ಡಬ್ಬಿಯನ್ನು ದಿನಾ ನೋಡುತ್ತ ಕೂರುವ ಹೆಂಗಸು ನಾನಲ್ಲ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಎಲ್ಲಿಟ್ಟೆ ಎಂದು ದಿನಾ ಹುಡುಕುತ್ತಿದ್ದೆ. ಈಗ ಹುಡುಕುವುದಿಲ್ಲ.

ಅಯ್ಯನವರಿಗೆ ಆ ಡಬ್ಬಿಯ ಮೇಲೆ ಅಷ್ಟು ಗೌರವ ಇರುವುದಕ್ಕೆ ಕಾರಣವಿದೆ. ನಮ್ಮ ಯಜಮಾನರು ಲಿಂಗಕ್ಕಾಗಿ ಪ್ರಾಣ ಬಿಟ್ಟವರು ಎಂದು ನಮ್ಮೂರು ಹಂಗಳದಲ್ಲಿ ಹೆಸರಾಗಿದೆ. ಆಸ್ಪತ್ರೆಯಲ್ಲಿ ಲಿಂಗ ತೆಗಿ ಅಂದರು, ತೆಗೆಯಲಿಲ್ಲ, ಎದ್ದು ಬಂದರು, ಸತ್ತರು. ಈ ಕತೆಯನ್ನು ಮೈಕಿನಲ್ಲಿ ಹೇಳುತ್ತಾರೆ. ಹೇಳುವಾಗ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಅದು ಹಾಗಲ್ಲ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಗಂಡ ಸತ್ತ ಸಂಕಟದಲ್ಲಿ ಏನೋ ಅನ್ನುತ್ತಾಳೆ ಎಂದು ತಲೆಯಾಡಿಸಿ ಹೋಗುತ್ತಾರೆ. ಊರವರು ನಂಬದಿದ್ದರೆ ನನ್ನ ಗಂಟು ಏನೂ ಹೋಗುವುದಿಲ್ಲ. ನಂಬಬೇಕಾಗಿದ್ದವಳು ಒಬ್ಬಳೇ. ಅವಳೂ ನಂಬಲಿಲ್ಲ. ಅವಳು ಹೃದಯದ ಡಾಕ್ಟರು. ಆ ದಿನದ ತಪ್ಪು ತನ್ನದು ಅಂದುಕೊಂಡೇ ಹೃದಯದ ಓದು ಹಿಡಿದವಳು. ಹೇಳಿ ಹೇಳಿ ನನ್ನ ಬಾಯಿ ಒಣಗಿತು, ಅವಳ ಹೊರೆ ಇಳಿಯಲಿಲ್ಲ.

ಅದು ಹಾಗಲ್ಲ ಎಂದು ನನಗೆ ಹೇಗೆ ಗೊತ್ತು? ಕರಡಿಗೆಯ ಒಂದು ಮಗ್ಗುಲು ನಗ್ಗಿದೆ, ನೋಡಿ. ನಾವು ಅರಿಸಿನ ಬೆಳೆಯುತ್ತಿದ್ದೆವು. ಕಿತ್ತ ಅರಿಸಿನವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಬೇಕು. ಆ ಹಬೆಯಲ್ಲಿ ನಿಂತರೆ ಬೆಳ್ಳಿ ಕಾದು ಎದೆ ಚುರುಗುಟ್ಟುತ್ತದೆ. ಆಗ ಯಜಮಾನರು ಕರಡಿಗೆಯನ್ನು ದಾರದ ಸಮೇತ ತೆಗೆದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಿದ್ದರು. ಸಂಜೆ ಮೈ ತೊಳೆದ ಮೇಲೆ ಮತ್ತೆ ಹಾಕಿಕೊಳ್ಳುವುದು. ಹಾಗೆ ತೆಗೆಯಬಾರದು ಅಲ್ಲವೇ ಅಂದರೆ, "ಶಿವಂಗೂ ಸೆಕೆ ಆಯ್ತದೆ, ಸುಮ್ಕಿರು," ಅನ್ನುತ್ತಿದ್ದರು. ಒಂದು ಸಲ ಗೂಟದಿಂದ ಬಿದ್ದು, ಹಸುವಿನ ಗೊರಸು ತಾಗಿ ನಗ್ಗಿತು. ಅರಿಸಿನ ಬೇಯಿಸುವ ದಿನವೆಲ್ಲ ಗೂಟದ ಮೇಲಿದ್ದ ಲಿಂಗ ಆಸ್ಪತ್ರೆಯಲ್ಲಿ ಒಂದು ಗಳಿಗೆ ತೆಗೆಯಲಾಗದಷ್ಟು ಅಂಟಿಕೊಂಡಿತೇ? ಊರಿಗೆ ಈ ಗೂಟದ ವಿಷಯ ಬೇಡ. ಗೂಟ ಮೈಕಿನಲ್ಲಿ ಚೆನ್ನಾಗಿ ಕೇಳಿಸುವುದಿಲ್ಲ.

ಆ ಹಸುವೂ ಈಗಿಲ್ಲ. ನನ್ನ ಮಂಡಿ ಹೋದ ಮೇಲೆ ಮಾರಿಬಿಟ್ಟೆವು. ಈಗ ಸೊಸೆ ಗಿರಿಜ ಪ್ಯಾಕೆಟ್ ಹಾಲು ತರುತ್ತಾಳೆ. ಅದರಲ್ಲಿ ಕಾಸಿದ ನೀರನ್ನು ನಾನು ಕಾಫಿ ಎಂದು ಒಪ್ಪಿಕೊಳ್ಳಬೇಕಂತೆ. ಇರಲಿ, ಡಾಕ್ಟರ ವಿಷಯ ಹೇಳುತ್ತಿದ್ದೆ.

ಅವಳ ಹೆಸರು ನಸೀಮಾ. ಗುಂಡ್ಲುಪೇಟೆಯ ಹಾಸಿಗೆ ಬಾಷಾ ಸಾಬರ ಮಗಳು. ಬಾಷಾ ಸಾಬರು ಬೇಸಗೆಯಲ್ಲಿ ಸೈಕಲ್ಲಿಗೆ ಹತ್ತಿ ಹಿಂಜುವ ಬಿಲ್ಲು ಕಟ್ಟಿಕೊಂಡು ನಮ್ಮೂರಿಗೆ ಬರುತ್ತಿದ್ದರು. ನಮ್ಮ ಮನೆಯ ಜಗುಲಿಯಲ್ಲಿ ಕೂತು ಊರ ಹಾಸಿಗೆಯನ್ನೆಲ್ಲ ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿಯುವುದು. ಹಿಂದಿನ ಕ್ಯಾರಿಯರ್ ಮೇಲೆ ಈ ಹುಡುಗಿ. ಹಿಂಜಿದ ಹತ್ತಿಯ ರಾಶಿಯಲ್ಲಿ ಮಲಗಿ ಬಿಲ್ಲಿನ ಟಂಯ್ ಟಂಯ್ ಕೇಳುತ್ತ ನಿದ್ದೆ ಹೋಗುತ್ತಿದ್ದಳು. ಎದ್ದಾಗ ತಲೆ, ಹುಬ್ಬು, ರೆಪ್ಪೆ ಎಲ್ಲಾ ಬಿಳಿ. ನನಗಿಂತ ಮುದುಕಿ. ಈಗಲೂ ಹೇಳುತ್ತಾಳೆ, ಕೆಟ್ಟ ಹೃದಯದ ಶಬ್ದ ಅಂದರೆ ಅಪ್ಪನ ಬಿಲ್ಲಿನ ನರ ಸಡಿಲವಾದಾಗ ಬರುತ್ತಿದ್ದ ಶಬ್ದವೇ ಅಂತೆ. ನನ್ನ ಎದೆಗೆ ಕಿವಿ ಕೊಟ್ಟು, "ದೊಡ್ಡಮ್ಮ, ನಿಮ್ದೂ ಸಡಿಲ ಆಗೈತೆ," ಅಂದಳು. "ಬಿಗಿ ಇದ್ದಿದ್ ಯಾವಾಗ," ಅಂದೆ.

ಚಿಕ್ಕವಳಿದ್ದಾಗ ಅವಳ ಬಾಯಿಗೆ ಬೀಗ ಇರಲಿಲ್ಲ. ಒಂದು ದಿನ ನಮ್ಮ ಪಡಸಾಲೆಯಲ್ಲಿ ಕೂತು, ಲಿಂಗ ಕಟ್ಟಿದವರ ಮನೆ, ಈರುಳ್ಳಿ ಹೆಚ್ಚುವುದಕ್ಕೂ ನಮ್ಮತ್ತೆ ಮುಖ ಸಿಂಡರಿಸುತ್ತಿದ್ದ ಕಾಲ, ಎಲ್ಲರ ಮುಂದೆ ಕೇಳಿದಳು: "ದೊಡ್ಡಪ್ಪಾ, ಕೋಳಿ ಕುಯ್ದ ಮೇಲೂ ಗುಂಡಿಗೆ ಯಾಕೆ ಬಡ್ಕೊತಾ ಇರ್ತದೆ?"

ನಮ್ಮತ್ತೆ ಎದ್ದು ಒಳಗೆ ಹೋದರು. ಬಾಷಾ ಸಾಬರು ಬಿಲ್ಲು ನಿಲ್ಲಿಸಿ, "ಚುಪ್!" ಎಂದು ಗದರಿದರು. ನಮ್ಮ ಯಜಮಾನರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾ ಕೋಳಿ ಕುಯ್ದೋನಲ್ಲ ಕಣಮ್ಮಿ, ನಂಗೆಂಗ್ ಗೊತ್ತು? ನೀನೇ ಓದಿ ಡಾಕ್ಟ್ರಾಗಿ ಬಂದು ಹೇಳು."

ಅವಳು ಡಾಕ್ಟರಾದ ದಾರಿ ಇದೇ. ದೊಡ್ಡ ಕತೆ ಏನೂ ಇಲ್ಲ. ಒಬ್ಬ ಗಂಡಸು ನಗುತ್ತ ಒಂದು ಮಾತು ಅಂದರು, ಆ ಹುಡುಗಿ ಅದನ್ನು ಬಿಡಲಿಲ್ಲ. ಆಮೇಲೆ ಬೇಸಗೆಯಲ್ಲಿ ಬಂದಾಗಲೆಲ್ಲ ಹತ್ತಿಯಲ್ಲಿ ಮಲಗುವ ಬದಲು ಪುಸ್ತಕ ಹಿಡಿದು ಕೂರುತ್ತಿದ್ದಳು. ಯಜಮಾನರು ಹೊಲಕ್ಕೆ ಹೋಗುವಾಗ, "ಏನಮ್ಮಿ, ಕೋಳಿ ಗುಂಡಿಗೆ ಪಾಠ ಬಂತಾ?" ಅನ್ನುವುದು. ಅವಳು, "ಇನ್ನೂ ಇಲ್ಲ ದೊಡ್ಡಪ್ಪ," ಅನ್ನುವುದು.

ಮೈಸೂರಿನಲ್ಲಿ ಡಾಕ್ಟರ್ ಓದಿಗೆ ಸೀಟು ಸಿಕ್ಕಾಗ ಬಾಷಾ ಸಾಬರಿಗೆ ಕಾಲೇಜಿನ ಗೇಟು ದಾಟುವ ಧೈರ್ಯ ಬರಲಿಲ್ಲ. ನಮ್ಮ ಯಜಮಾನರನ್ನು ಜೊತೆಗೆ ಕರೆದರು. ಇವರೇನು ಕಾಲೇಜು ಕಂಡವರೇ? ಆದರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಬಾಷಾ ಸಾಬರು ಮಗಳಿಗೆಂದೇ ಹೊಲಿದ ಹಾಸಿಗೆಯನ್ನು ಬಸ್ಸಿನ ಮೇಲೆ ಹಾಕಿಸಿದರು. ಕಂಡಕ್ಟರು, "ಏನ್ ಯಜಮಾನ್ರೇ, ಹೊಸಾ ಹಾಸಿಗೆ, ಮದ್ವೆ ದಿಬ್ಬಣವಾ?" ಎಂದು ಕೇಳಿದನಂತೆ. "ಊಂ ಕಣಪ್ಪ. ಹೆಣ್ಣ ಕಾಲೇಜಿಗೆ ಕೊಟ್ಟುಬುಟ್ಟೊ," ಅಂದರಂತೆ ಇವರು. ಈ ಮಾತನ್ನು ಸಾಯುವ ತನಕ ಹೇಳಿಕೊಂಡು ನಕ್ಕರು.

ಇಷ್ಟು ಧೈರ್ಯದ ಮನುಷ್ಯ, ಆನೆ ತೋಟಕ್ಕೆ ನುಗ್ಗಿದರೆ ಎಲ್ಲರಿಗಿಂತ ಮುಂದೆ ಹೋಗುವವರು, ಸೂಜಿ ಕಂಡರೆ ಮಾತ್ರ ಮನೆಯಲ್ಲಿ ಇರುತ್ತಿರಲಿಲ್ಲ. ನಾಯಿ ಕಚ್ಚಿದಾಗ ಆಸ್ಪತ್ರೆಯ ಬಾಗಿಲ ತನಕ ಬಂದು, ಎತ್ತಿಗೆ ನೀರು ಕುಡಿಸಿಲ್ಲ ಎಂದು ವಾಪಸು ಹೊರಟಿದ್ದರು. ನಾನು ಅಂಗಿ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದೆ. ಬೈದೆ, ನಕ್ಕೆ, ಕೂತರು. ಹಾಗೇ ಅವರು. ಹೆದರಿಕೆ ಅಂತ ಒಂದು ದಿನ ಬಾಯಿ ಬಿಟ್ಟವರಲ್ಲ. ಎತ್ತು, ನೀರು, ಅಮಾವಾಸ್ಯೆ, ಏನಾದರೂ ಒಂದು ಸಿಕ್ಕಿಬಿಡುತ್ತಿತ್ತು.

ಅವರಿಗೆ ಎದೆನೋವು ಶುರುವಾದಾಗ ನಸೀಮಾ ಇನ್ನೂ ಓದುತ್ತಿದ್ದಳು. ಅವಳೇ ಓಡಾಡಿ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಲ್ಲಾ ಗೊತ್ತುಮಾಡಿದಳು. ಕೈಯ ನರದಲ್ಲಿ ಸಣ್ಣ ತಂತಿ ಬಿಟ್ಟು, ಹೃದಯದ ರಕ್ತನಾಳ ಎಲ್ಲಿ ಕಟ್ಟಿದೆ ಎಂದು ನೋಡುವುದು. ಯಜಮಾನರನ್ನು ಒಳಗೆ ಕರೆದುಕೊಂಡರು. ಅಂಗಿ, ಟವೆಲ್ಲು, ಚಪ್ಪಲಿ ನನ್ನ ಕೈಗೆ ಕೊಟ್ಟರು. ನಾನೂ ಒಳಗೆ ಹೊರಟೆ. "ಮನೆಯವರು ಹೊರಗೆ," ಎಂದು ಬಾಗಿಲು ಹಾಕಿದರು. ಬೆಂಚಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಯಜಮಾನರು ಹಸಿರು ನಿಲುವಂಗಿಯಲ್ಲಿ ಬರಿಗಾಲಲ್ಲಿ ಬಂದು ನಿಂತರು. ಎದೆಯ ಮೇಲೆ ಕರಡಿಗೆ.

"ನಡಿ, ಹೋಗನ."

"ಆಯ್ತಾ ಆಗಲೇ?"

"ಲಿಂಗ ತೆಗೀಬೇಕಂತೆ. ತೆಗಿಯಾಕಿಲ್ಲ ಅಂದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ಇವರಿಗೆ ಕೈಮುಗಿದರು. ಹಿಂದೆ ಬಂದ ಆಸ್ಪತ್ರೆಯವರೂ ಒಂದು ಮಾರು ದೂರ ನಿಂತಿದ್ದರು. ಲಿಂಗ ಅಂದ ಮೇಲೆ ಯಾರು ಮುಂದೆ ಬರುತ್ತಾರೆ? ಎಲ್ಲರ ಹಿಂದೆ ಬಿಳಿ ಕೋಟಿನಲ್ಲಿ ನಸೀಮಾ, ಬಾಯಿ ಅರ್ಧ ತೆರೆದುಕೊಂಡು. ಕೈಮುಗಿಸಿಕೊಂಡ ಮೇಲೆ ಆ ಮನುಷ್ಯನನ್ನು ವಾಪಸು ಮಲಗಿಸುವುದು ಯಾರಿಂದ ಆದೀತು? ನಾನು ಎಳೆದೆ, ಬೈದೆ. ಇಷ್ಟು ಜನದ ಮುಂದೆ ದೇವರಂತೆ ನಿಂತವರು ಹೆಂಡತಿ ಮಾತಿಗೆ ಬಗ್ಗಲಿಲ್ಲ.

ಬಸ್ಸಿನಲ್ಲಿ ನಂಜನಗೂಡು ದಾಟುವ ತನಕ ಕಡಲೆಕಾಯಿ ತಿಂದರು. ಸಿಪ್ಪೆಯನ್ನು ಕಿಟಕಿಯಿಂದ ಊದಿ ಹಾರಿಸುತ್ತಿದ್ದರು. ಇಸ್ಕೂಲು ರಜಾ ಬಿಟ್ಟ ಹುಡುಗನ ಮುಖ. ಅದು ಲಿಂಗ ಉಳಿಸಿಕೊಂಡವರ ಮುಖ ಅಲ್ಲ, ಸೂಜಿ ತಪ್ಪಿಸಿಕೊಂಡವರ ಮುಖ. ಜೊತೆಯಲ್ಲಿ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯದೇ?

"ಇನ್ನೊಂದ್ ವಾರ ಬುಟ್ಟು ಹೋಗನ, ಆಗ ನಾನೇ ಒಳಗೆ ಬತ್ತೀನಿ," ಅಂದೆ.

"ನೋಡನ, ನೋಡನ," ಅಂದರು.

ನೋಡುವಷ್ಟು ಸಮಯ ಸಿಗಲಿಲ್ಲ. ಆ ಸಲದ ಅರಿಸಿನ ಕೀಳುವ ಮೊದಲೇ, ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲ.

ಮಣ್ಣಿಗೆ ಬಾಷಾ ಸಾಬರೂ ನಸೀಮಾನೂ ಬಂದಿದ್ದರು. ಎಲ್ಲಾ ಮುಗಿದ ಮೇಲೆ ಅವಳು ಹಿತ್ತಿಲಿಗೆ ಬಂದು ನನ್ನ ಪಕ್ಕ ಕೂತಳು.

"ನನ್ನ ಬಾಯಿಗೆ ಬಂದಿತ್ತು ದೊಡ್ಡಮ್ಮ. ಎಡಗೈಲಿ ಇಟ್ಕೊಳಿ ದೊಡ್ಡಪ್ಪ, ಬೆಳಿಗ್ಗೆ ಪೂಜೆಗೆ ಇಟ್ಕೊತೀರಲ್ಲ ಹಂಗೆ ಅನ್ನಾಣ ಅಂತ. ನಿಮ್ಮನೇಲಿ ದಿನಾ ನೋಡಿದ್ದೆ. ಆದ್ರೆ ನಾನು ಸಾಬರ ಹುಡುಗಿ, ಲಿಂಗದ ಮಾತು ನಾನು ಆಡಬೌದಾ ಅನ್ನಿಸ್ತು. ಸುಮ್ನೆ ನಿಂತುಬುಟ್ಟೆ."

"ಲಿಂಗ ಅಲ್ಲ ಕಣಮ್ಮಿ. ಹೆದ್ರುಕಂಡ್ರು. ನೀ ಏನಂದಿದ್ರೂ ಇನ್ನೊಂದ್ ಏನಾರ ಹೇಳರು."

"ನನ್ನ ಸಮಾಧಾನಕ್ಕೆ ಹೇಳ್ತೀರಿ."

ನಾನು ಯಾರ ಸಮಾಧಾನಕ್ಕೆ ಯಾವತ್ತು ಮಾತಾಡಿದ್ದೇನೆ? ಗೂಟದ ವಿಷಯ ಹೇಳಿದೆ. ನಾಯಿ ಕಚ್ಚಿದ್ದು ಹೇಳಿದೆ. ಅವಳು ತಲೆಬಗ್ಗಿಸಿ ಕೇಳಿದಳು, ಒಂದೂ ಒಳಗೆ ಇಳಿಯಲಿಲ್ಲ. ಮುಂದೆ ಹೃದಯದ ಓದನ್ನೇ ಓದಿದಳು. ಕೋಳಿ ಗುಂಡಿಗೆಯ ಉತ್ತರ ಸಿಕ್ಕಿತಂತೆ. ಒಮ್ಮೆ ನನಗೆ ಹೇಳುವುದಕ್ಕೆ ಬಂದಳು. ಬಂದು ಹೇಳು ಅಂದವರೇ ಇಲ್ಲವಲ್ಲ, ನಾನು ಕೇಳಿಸಿಕೊಂಡು ಏನು ಮಾಡಲಿ ಅಂದೆ. ಆ ಮಾತು ಬೇಕಾಗಿರಲಿಲ್ಲ. ಆಡಿಯಾಯಿತು.

ಈಗ ಚಾಮರಾಜನಗರದಲ್ಲಿ ಅವಳ ಬಾಗಿಲ ಮುಂದೆ ಬೆಳಿಗ್ಗೆಯಿಂದಲೇ ಜನ. ಸಂತೆಮರಹಳ್ಳಿ ಕಡೆಯವರು, ಕೊಳ್ಳೇಗಾಲದ ಕಡೆಯವರು, ಗುಂಡ್ಲುಪೇಟೆಯಿಂದ ಮಲಯಾಳಿಗಳು. ತೆಗೀರಿ ಅನ್ನುವ ಮಾತು ಅವಳ ಬಾಯಲ್ಲಿ ಇಲ್ಲ. ಎದೆಯ ಮೇಲೆ ಲಿಂಗ ಇರಲಿ, ತಾಯತ ಇರಲಿ, ಶಿಲುಬೆ ಇರಲಿ, "ಎಡಗೈಲಿ ಇಟ್ಕೊಳಿ" ಅನ್ನುತ್ತಾಳೆ. ಕೈಲಿ ಇಟ್ಕೊಳಿ ಡಾಕ್ಟ್ರಮ್ಮ ಎಂದೇ ಹೆಸರು ಬಿದ್ದಿದೆ. ಒಂದು ದಿನ ನಾನು ಮೂಲೆಯಲ್ಲಿ ಕೂತಿದ್ದಾಗ ಮುದುಕನೊಬ್ಬ ಕರಡಿಗೆ ಹಿಡಿದು ಕಣ್ಣರಳಿಸಿದ.

"ನೀವು ಸಾಬರೋರಲ್ವಾ ತಾಯಿ? ಎಡಗೈಲಿ ಮಡಿಕ್ಕಳದು ನಿಮ್ಗೆಂಗ್ ಗೊತ್ತು?"

"ನಮ್ಮ ದೊಡ್ಡಪ್ಪ ಇಟ್ಕೊತಿದ್ರು ತಾತ."

ಮುದುಕ ನನ್ನ ಕಡೆ ತಿರುಗಿ ನೋಡಿದ. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದೆ. ಅದು ನಮ್ಮ ಹಿತ್ತಿಲ ಸೀಬೆಕಾಯಿ ಹಾಗಿತ್ತು.

ರೋಗಿಗಳನ್ನು ಅವಳು ಬೈಯುವುದಿಲ್ಲ. ಅದು ನನಗೆ ಸರಿಕಾಣುವುದಿಲ್ಲ. ಉಪ್ಪಿನಕಾಯಿ ತಿಂದೆಯಾ ಎಂದು ಯಾರನ್ನೂ ಗದರುವುದಿಲ್ಲ, ಯಾವ ಉಪ್ಪಿನಕಾಯಿ, ಯಾರು ಹಾಕಿದ್ದು ಎಂದು ಕೇಳುತ್ತಾಳೆ. ಅವರು ಬಾಯಲ್ಲಿ ನೀರು ಬರುವ ಹಾಗೆ ಎಲ್ಲಾ ಹೇಳಿಬಿಡುತ್ತಾರೆ. ಆಮೇಲೆ, "ವಾರಕ್ಕೊಂದು ಹೋಳು ಸಾಕಾ?" ಅನ್ನುತ್ತಾಳೆ. ನನಗೂ ಹಾಗೇ ಮಾಡಿದಳು. ಸಿಕ್ಕಿಬಿದ್ದ ಮೇಲೆ ತಿಳಿಯಿತು.

ಆದರೆ ಒಂದು ನಾನು ಗಮನಿಸಿದ್ದೇನೆ. ಕೈಲಿ ಇಟ್ಕೊಳಿ ಅನ್ನುವಾಗಲೆಲ್ಲ ಅವಳ ಗಂಟಲು ಒಂಚೂರು ತಡೆಯುತ್ತದೆ. ಇಷ್ಟು ಜನದ ಕೈಗೆ ಕೊಟ್ಟರೂ ಆ ಒಂದು ಕೈ ಖಾಲಿಯೇ ಉಳಿಯಿತು ಅನ್ನುವ ಹಾಗೆ. ಹೊರಡುವಾಗ, "ಲಿಂಗ ಅಲ್ಲ ಕಣಮ್ಮಿ," ಅನ್ನುತ್ತೇನೆ. "ಆಯ್ತು ದೊಡ್ಡಮ್ಮ, ಹುಷಾರಾಗಿ ಬಸ್ ಹತ್ತಿ," ಅನ್ನುತ್ತಾಳೆ.

ಈ ಸಲ ತಂತಿ ಬಿಟ್ಟು ನೋಡುವ ಸರದಿ ನನ್ನದೇ ಬಂತು. ಮನೆಯಲ್ಲಿ ಎಲ್ಲರೂ ಹೆದರಿದ್ದರು, ನಾನು ಹೆದರಲಿಲ್ಲ. ಗಿರಿಜ ಕಣ್ಣೊರೆಸಿಕೊಂಡಾಗ, "ಮಾವನ ಥರ ಎದ್ದು ಓಡಾಕೆ ನಾನೇನು ಗಂಡಸಾ?" ಅಂದೆ. ಅವಳು ನಕ್ಕಳು. ಹೊರಗೆ ಅದೇ ಥರದ ಬೆಂಚು. ಅವಳ ಕೈಗೆ ನನ್ನ ಸೀರೆ, ಚಪ್ಪಲಿ ಕೊಟ್ಟು ಒಳಗೆ ಹೋದೆ.

ನನ್ನ ಕೊರಳಲ್ಲೂ ಲಿಂಗ ಇದೆ. ಯಾರೂ ಹೇಳುವ ಮೊದಲೇ ತೆಗೆದು ಎಡಗೈಯಲ್ಲಿ ಇಟ್ಟುಕೊಂಡೆ. ಮಲಗಿಸಿದರು. ಮೇಜು ತಣ್ಣಗೆ. ತಲೆಯ ಮೇಲೆ ದೊಡ್ಡದೊಂದು ಮಿಷನ್ನು, ಕೊಕ್ಕು ಬಗ್ಗಿಸಿ ನನ್ನನ್ನೇ ನೋಡುವ ಹಾಗೆ. ಬಲಗೈಯನ್ನು ಚಾಚಿಸಿ ಏನೋ ತಣ್ಣನೆಯದು ಒರೆಸಿದರು. ಎಲ್ಲರಿಗೂ ಬಾಯಿ ಮೂಗು ಮುಚ್ಚಿದೆ, ಯಾರು ಯಾರೋ ತಿಳಿಯದು. ನಸೀಮಾಳ ಕಣ್ಣು ಮಾತ್ರ ಗುರುತು ಸಿಕ್ಕಿತು. ಅವಳು ಸೂಜಿ ತೆಗೆದುಕೊಂಡಳು.

ಆಗ ನನ್ನ ಬಾಯಿ ಅಂದಿತು, ನಾನಲ್ಲ, ಬಾಯಿ:

"ತಡಿ ಅಮ್ಮಿ. ಹಸ ಕರಿಯೊ ಹೊತ್ತಾಯ್ತು. ನಾ ಹೋಗ್ಬೇಕು."

ಹೇಳಿದ್ದು ಮಾತ್ರವಲ್ಲ, ಎದ್ದು ಕೂತಿದ್ದೆ. ಒಂದು ಕಾಲು ಮೇಜಿನಿಂದ ಕೆಳಗೆ ಇಳಿದಿತ್ತು.

"ಯಾವ ಹಸ ದೊಡ್ಡಮ್ಮ?"

"ನಮ್ಮ ಹಸ."

"ಹಸ ಮಾರಿ ಎಷ್ಟು ಕಾಲ ಆಯ್ತು! ಪ್ಯಾಕೆಟ್ ಹಾಲಿನ ಕಾಫಿ ಚೆನ್ನಾಗಿಲ್ಲ ಅಂತ ಮೊನ್ನೆ ತಾನೆ ಸೊಸೇನ ಬೈದ್ರಲ್ಲ."

ಪಕ್ಕದಲ್ಲಿದ್ದ ನರ್ಸು ಹುಡುಗಿ ಕಿಸಕ್ಕನೆ ನಕ್ಕಳು. ನಸೀಮಾನೂ ನಕ್ಕಳು. ಮುಚ್ಚಿದ ಬಾಯಿಯೊಳಗೆ ನಗು ಗುಳುಗುಳು ಅಂದದ್ದು ಕೇಳಿಸಿತು. ನನಗೂ ನಗು ಬಂತು, ನಾಚಿಕೆಯೂ ಆಯಿತು. ಇಳಿದ ಕಾಲು ಇಳಿದ ಹಾಗೇ ಇತ್ತು. ನಗುತ್ತಿದ್ದ ನಸೀಮಾ ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟಳು. ನನ್ನ ಎಡಗೈ ನೋಡಿದಳು. ಲಿಂಗ ಅಲ್ಲೇ ಇತ್ತು, ಭದ್ರವಾಗಿ. ಆಮೇಲೆ ಆ ಕಾಲು ನೋಡಿದಳು.

"ದೊಡ್ಡಪ್ಪನೂ ಹಿಂಗೇನಾ?"

"ಹಿಂಗೇ ಕಣಮ್ಮಿ. ಆವತ್ತಿಂದ ಬಾಯ್ ಬಡ್ಕೊತಾ ಇವ್ನಿ."

ಸೂಜಿಯನ್ನು ತಟ್ಟೆಗಿಟ್ಟು, ಅವಳು ಸ್ಟೂಲು ಎಳೆದುಕೊಂಡು ಕೂತಳು. ಮಿಷನ್ನಿನ ಕಿರಣ ತಾಗದಿರಲಿ ಎಂದು ಅವರು ಹಾಕುವ ಆ ಸೀಸದ ಭಾರದ ಅಂಗಿಯಲ್ಲಿ ಕೂರುವುದು ಕಷ್ಟ, ಆದರೂ ಕೂತಳು. ಯಾರೂ ಅವಸರ ಮಾಡಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ಒರೆಸಿಕೊಳ್ಳುವ ಹಾಗಿಲ್ಲ, ಕೈಗೆ ಗ್ಲೌಸು.

"ಹೆದ್ರುಕೆ ಆಯ್ತದಾ ದೊಡ್ಡಮ್ಮ?"

"ಊಂ. ಆಯ್ತದೆ."

ನಮ್ಮ ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ.

"ಹಸುಗೇನ್ ಮಾಡನ ಮತ್ತೆ?"

"ಗಿರಿಜ ಕರ್ಕೊತಾಳೆ ಬುಡು. ನೀ ಮಾಡು," ಎಂದು ಮಲಗಿದೆ.

ನನ್ನ ರಕ್ತನಾಳದಲ್ಲಿ ಒಂದು ಕಡೆ ಕಟ್ಟಿತ್ತು, ಬಿಡಿಸಿದಳು. ಕರಡಿಗೆಯಲ್ಲಿರುವ ಮಾತ್ರೆ ಈಗ ಅಷ್ಟಾಗಿ ಬೇಕಾಗುವುದಿಲ್ಲ. ಬದುಕಿದ್ದೇನೆ, ಕಾಫಿ ಈಗಲೂ ಚೆನ್ನಾಗಿಲ್ಲ. ಈಚೆಗೆ ನಸೀಮಾ, ರೋಗಿಯನ್ನು ಮಲಗಿಸಿ ಸೂಜಿ ಚುಚ್ಚುವ ತನಕ ಮನೆಯವರೊಬ್ಬರನ್ನು ಒಳಗೆ ಬಿಡಿಸುತ್ತಾಳಂತೆ. ಹೆಂಡತಿ ಆದರೆ ಒಳ್ಳೆಯದು ಅನ್ನುತ್ತಾಳಂತೆ. ಕೈಲಿ ಇಟ್ಕೊಳಿ ಅನ್ನುವುದನ್ನೂ ಬಿಟ್ಟಿಲ್ಲ. ಆ ಮಾತಿಗೆ ಈಗ ಅವಳ ಗಂಟಲು ತಡೆಯುವುದಿಲ್ಲ. ನಾನು ಕಿವಿ ಕೊಟ್ಟು ಕೇಳಿದ್ದೇನೆ.

ನನ್ನ ಗಂಟಲಲ್ಲಿ ಮಾತ್ರ ಅದು ಹೊಸದಾಗಿ ಸಿಕ್ಕಿಕೊಂಡಿದೆ. ಯಾವ ಹಸ ಎಂದು ಅವಳು ಕೇಳಿದ ಹಾಗೆ, ಅವತ್ತು ಮೈಸೂರಿನ ಆ ಕೋಣೆಯಲ್ಲಿ ಯಾರಾದರೂ ಯಾವ ಲಿಂಗ, ಕೊಟ್ಟಿಗೆ ಗೂಟದ್ದಾ ಎಂದು ಕೇಳಿ ನಕ್ಕಿದ್ದರೆ, ಆ ಮನುಷ್ಯ ತಾನೂ ನಕ್ಕು ತಿರುಗಿ ಮಲಗುತ್ತಿದ್ದರು. ಒಳಗಿದ್ದವರೆಲ್ಲ ಗೌರವದಿಂದ ದೂರ ನಿಂತರು. ನಗುವುದಕ್ಕೆ ಆಗುತ್ತಿದ್ದವಳು ನಾನೊಬ್ಬಳು. ನಾನು ಬಾಗಿಲ ಹೊರಗೆ, ಬೆಂಚಿನ ಮೇಲೆ, ಅವರ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.